ಒಂದು ಮೂಗಿನ ಕರಾರು

ಕನೌಜಿನ ಕಚೇರಿ ಕಟ್ಟೆಯ ಮೇಲೆ, ತಗಡಿನ ಸೂರಿನಡಿ,
ನನ್ನ ಮೇಜಿಗೆ ಮೂರು ಕಾಲು, ನಾಲ್ಕನೆಯದು ಇಟ್ಟಿಗೆ.
ಛೇದಾಲಾಲ್ ಬಂದು ಕೂತ. ವಯಸ್ಸು ಅರವತ್ತೊಂದು.
ಕಿವಿಯ ಸಂದಿಯಲ್ಲಿ ಮಣ್ಣಿನ ಅತ್ತರು ಅದ್ದಿದ ಹತ್ತಿಯುಂಡೆ.
ಚೀಲದೊಳಗಿಂದ ಇನ್ನೊಂದು ಚೀಲ, ಅದರೊಳಗಿಂದ
ಸೇಠರ ನೋಟಿಸು, ನಾಲ್ಕಾಗಿ ಮಡಚಿದ ಛಾಪಾ ಕಾಗದ.
“ವಕೀಲ್ ಸಾಹಿಬಾ, ಗಟ್ಟಿಯೋ ಪೊಳ್ಳೋ, ಬಡಿದು ನೋಡಿ.”

ಸಂತೆಯಲ್ಲಿ ಗಡಿಗೆ ಬಡಿದಂತೆ ಬಡಿದು ನೋಡಿದೆ.
ಕಾಗದ ಕೊಂಡದ್ದು ಮಾರ್ಚ್ ಒಂಬತ್ತು,
ಹೆಬ್ಬೆಟ್ಟು ಬಿದ್ದದ್ದು ಹನ್ನೊಂದು. ಸರಿಯಿದೆ.
ಒಬ್ಬ ಕೇಳಿದ್ದಾನೆ, ಒಬ್ಬ ಹೂಂ ಅಂದಿದ್ದಾನೆ.
ಪ್ರತಿಫಲ ಹನ್ನೊಂದು ಸಾವಿರ, ರಸೀದಿ ಸಮೇತ;
ಆ ದುಡ್ಡಲ್ಲಿ ಹೆಂಡತಿಯ ಕಣ್ಣಿನ ಪೊರೆ ತೆಗೆಸಿದ್ದಾನೆ.
ಪ್ರಾಯಕ್ಕೆ ಮೀಸೆಯೇ ಸಾಕ್ಷಿ. ಬುದ್ಧಿ ಸ್ವಸ್ಥವೇ ಎಂದು
ಕಾನೂನು ಕೇಳಲೇಬೇಕು, ಕೇಳಿದೆ. ನಕ್ಕ:
“ನಲವತ್ತು ವರ್ಷ ಒಂದೇ ಹಂಡೆ ಮುಂದೆ ಕೂತವನಿಗೆ
ಅದೆಲ್ಲಿಂದ ಬರಬೇಕು?”

ಹೆದರಿಸಿದರೇ? ಇಲ್ಲ.
ಮೋಸ? ಇಲ್ಲ. ಓದಿ ಹೇಳಿದರು, ಚಹಾ ಕೊಟ್ಟರು, ಎರಡು ಬಾಲುಶಾಹಿ.
ಮೂಗಿಗೆ ತುಪ್ಪ ಸವರಿದರೇ ಎಂದು
ನಾನೇ ಅವನ ಬಾಯಿಗೆ ಮಾತು ತುರುಕಲಾಗದು.

ಆಮೇಲೆ ಏಳನೇ ಷರತ್ತು:
ಕೆಲಸ ಬಿಟ್ಟ ಮೇಲೆ ಐದು ವರ್ಷ,
ಕಾಳಿ ನದಿಯಿಂದ ಗಂಗೆಯವರೆಗೆ,
ಬೇರೆ ಯಾರ ತಾಮ್ರದ ಹಂಡೆಗೂ ಬೆಂಕಿ ಹಚ್ಚತಕ್ಕದ್ದಲ್ಲ,
ಹಬೆಯ ಹದ ನೋಡತಕ್ಕದ್ದಲ್ಲ, ಮೂಸತಕ್ಕದ್ದಲ್ಲ.

ಮೂಸತಕ್ಕದ್ದಲ್ಲ.
ಎರಡು ಸಲ ಓದಿದೆ.
ಎತ್ತಿಗೆ ಮೂಗುದಾರ ಹಾಕುವುದನ್ನು ಕಂಡಿದ್ದೇನೆ;
ಎತ್ತನ್ನು ಮನೆಗೆ ಕಳಿಸಿ
ಮೂಗನ್ನಷ್ಟೇ ಕಟ್ಟಿಹಾಕಿದ್ದು ಇದೇ ಮೊದಲು.

ಹತ್ತನೇ ಕಲಮಿನ ಬಾಗಿಲುಗಳನ್ನೆಲ್ಲ ದಾಟಿ ಬಂದ ಕಾಗದ
ಇಪ್ಪತ್ತೇಳರ ಹೊಸ್ತಿಲಲ್ಲಿ ಎಡವುತ್ತದೆ:
ದುಡಿಮೆಗೆ ಕಟ್ಟಿದ ಬೇಲಿ, ಅಷ್ಟರ ಮಟ್ಟಿಗೆ, ಶೂನ್ಯ.
ಅಂಗಡಿಯ ಹೆಸರನ್ನೇ ಮಾರಿದವನ ಮಾತು ಬೇರೆ;
ಇವನು ಮಾರಿದ್ದು ಬೆವರು.
“ಏಳನ್ನು ಕಿತ್ತರೂ ಉಳಿದದ್ದು ನಿಲ್ಲುತ್ತದೆ, ದಾದಾ.
ಸೇಠರ ಗುಟ್ಟು ಸೇಠರದು. ನಿನ್ನ ಮೂಗು ನಿನ್ನದು.”

ಅವನು ಖುಷಿಪಡಲಿಲ್ಲ.
ಇಟ್ಟಿಗೆಯನ್ನೇ ನೋಡುತ್ತ ಕೂತ.

“ಅದೇ ತೊಡಕು. ಗುಟ್ಟು ಅಂತ ಅವರು ಬರೆಸಿದ ಶಮಾಮಾ
ನನ್ನ ಅಜ್ಜಿ ಕಲಿಸಿದ್ದು.
ಜಟಾಮಾಂಸಿ ಎಷ್ಟು, ಕಚೋರ ಎಷ್ಟು,
ಯಾವ ಘಳಿಗೆಗೆ ಉರಿ ತಗ್ಗಿಸಬೇಕು,
ಕಾಗದದಲ್ಲಿ ಎಲ್ಲಿದೆ? ಇಲ್ಲಿದೆ” ಎಂದು
ಹೆಬ್ಬೆರಳಿಂದ ಮೂಗಿನ ಬುಡ ಒತ್ತಿದ.
ಅದೇ ಹೆಬ್ಬೆರಳು. ಶಾಯಿ ಎಂದೋ ಹೋಗಿದೆ.

“ದುಡ್ಡು ತಗೊಂಡದ್ದೂ ನಿಜ.
ಅವಳೀಗ ಕನ್ನಡಕವಿಲ್ಲದೆ ಸೂಜಿ ಪೋಣಿಸುತ್ತಾಳೆ.
ಸರ್ಕಾರದ ಲೆಕ್ಕದಲ್ಲಿ ಶೂನ್ಯ ಅಂದರೆ
ನಾನು ಹೂಂ ಅಂದದ್ದು ಎಲ್ಲಿಗೆ ಹೋಯಿತು?”

ಇದಕ್ಕೆ ಕಲಮಿಲ್ಲ.
ಕೋರ್ಟು ಯಾವುದನ್ನು ಜಾರಿ ಮಾಡುತ್ತದೆ, ಯಾವುದನ್ನು ಮಾಡದು,
ನನಗೆ ಗೊತ್ತಿರುವುದು ಇಷ್ಟೇ. ಮಾಡದ್ದೆಲ್ಲ ಸತ್ತಿತು ಎಂದು
ಯಾರೂ ಬರೆದಿಲ್ಲ.

ಫೀಸು ಮುನ್ನೂರು ಅಂದೆ. ಇನ್ನೂರಕ್ಕಿಳಿಸಿದ.
ಆಗಲಿ ಅಂದೆ. ಬಾಯಿಮಾತಿನದಾದರೂ ಅದೂ ಕರಾರೇ, ಊರ್ಜಿತ.
ಮೆಟ್ಟಿಲಿಳಿದವನು ತಿರುಗಿ ಬಂದ:
“ಸೋಮವಾರದವರೆಗೆ ಉತ್ತರ ಕಳಿಸಬೇಡಿ.
ಮೊದಲು ನಾನೇ ಹೋಗಿ ಸೇಠಜಿಗೆ ಹೇಳುತ್ತೇನೆ.”
ಏನು ಹೇಳುತ್ತಾನೆಂದು ಹೇಳಲಿಲ್ಲ.

ಸಂಜೆ ಗುಮಾಸ್ತ ರಿಜ್ವಾನ್ ಕಡತ ಎತ್ತಿಡಲು ಹೋಗಿ
ಮೂಗಿನ ಹತ್ತಿರ ಹಿಡಿದು, ಹೊರಗೆ ಇಣುಕಿ ಕೇಳಿದ,
“ಮೇಡಂ, ಮಳೆ ಬಂತೇ?”

ಮೇ ಹದಿನೇಳು.
ತಗಡು ಇನ್ನೂ ಸುಡುತ್ತಿತ್ತು.