ಇಪ್ಪತ್ತೇಳು

ಮೊದಲ ದಿನವೇ ಕೇಳಿದ್ದ ಫೋನಿನ ಹುಡುಗ:
"ಮೇಡಂ, ಬೂತಾಯಿ ಅಂದ್ರೆ ದೇವರಾ, ದೆವ್ವವಾ?"
ಮೀನು ಮಾರಾಯಾ, ಗೇಣುದ್ದವೂ ಇಲ್ಲದ ಮೀನು ಎಂದೆ.
ಮರುದಿನ ಅವರ ಪರದೆಯಲ್ಲಿ ಬಂತು
ನನ್ನ ಬೂತಾಯಿ ಪುಳಿಮುಂಚಿಯ ಹೆಸರಿನ ಮೇಲೆ
ಯಾವುದೋ ಊರಿನ ಕೆಂಪು ಮೀನು,
ಬಾಯಲ್ಲಿ ನಿಂಬೆಹೋಳು ಕಚ್ಚಿಕೊಂಡು.

ಪುಂಡಿ 'ರೈಸ್ ಬಾಲ್' ಆಯಿತು.
ನೀರುದೋಸೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಬೆವರಿ
ನಾಲ್ಕೂ ಒಂದಕ್ಕೊಂದು ಅಂಟಿ, ಒದ್ದೆ ಕರವಸ್ತ್ರವಾಗಿ
ಕದ್ರಿ ಗುಡ್ಡ ಹತ್ತಿತು.
ಎರಡು ನಕ್ಷತ್ರ ಕೊಟ್ಟರು.
ಅತ್ತೆಯ ಕಾಲದಿಂದ ಈ ಆರು ಬೆಂಚಿನ ಮೇಲೆ
ಯಾರೂ ನಕ್ಷತ್ರ ಇಟ್ಟು ಹೋದದ್ದಿಲ್ಲ.
ಮರೆತು ಹೋಗುತ್ತಿದ್ದದ್ದು ಕೊಡೆ, ಕನ್ನಡಕ,
ಒಮ್ಮೆ ಒಂದು ಹಲ್ಲಿನ ಸೆಟ್ಟು.

ನೂರಕ್ಕೆ ಇಪ್ಪತ್ತೇಳು ಅವರದ್ದು.
ಧಕ್ಕೆಯ ಬೆಕ್ಕಿಗೂ ಪಾಲು ಬೇಕು,
ಆದರೆ ಅದು ಎದುರು ಕೂತು ಕೇಳುತ್ತದೆ,
ಬಾಲ ಸುತ್ತಿಕೊಂಡು, ಕತ್ತಿ ಕೆಳಗಿಡುವವರೆಗೆ ಕಾಯುತ್ತದೆ.
ಇದು ಹಾಗಲ್ಲ.
ಬ್ಯಾಂಕಿನ ಮೆಸೇಜು ಬಂದಾಗಲೇ ಗೊತ್ತಾಗುವುದು
ವಾರವಿಡೀ ಯಾರು ತಿಂದದ್ದು ಅಂತ.

ಬೋಟು ಕಡಲಿಗಿಳಿಯದ ತಿಂಗಳು,
ಐಸಿನ ಬಂಗುಡೆಗೂ ಬಂಗಾರದ ಕ್ರಯ.
ಆಗ ಇಟ್ಟರು ಒಂದು 'ಆಫರ್', ನನ್ನ ಖರ್ಚಿನಲ್ಲಿ.
ಆ ರಾತ್ರಿ ಅವರು ಕೊಟ್ಟ ಯಂತ್ರವನ್ನು
ಅಕ್ಕಿಡಬ್ಬದ ಮೇಲೆ ಬೋರಲು ಹಾಕಿ ಮಲಗಿದೆ.

ಬೆಳಗ್ಗೆ ನೋಡಿದರೆ ನನ್ನ ಹತ್ತಿರ
ಒಂದು ಹೆಸರೂ ಇಲ್ಲ.
ಮೂರು ವರ್ಷ ಬಡಿಸಿದ್ದೆ; ಉಂಡವರೆಲ್ಲ ನಂಬರು.
ಒಬ್ಬರು ಮಾತ್ರ ಪ್ರತಿ ಸಲ ಬರೆಯುತ್ತಿದ್ದರು:
"ಬೆಲ್ ಒತ್ತಬೇಡಿ, ಮಗು ಮಲಗಿದೆ."
ಆ ಪೊಟ್ಟಣಕ್ಕೆ ಎರಡು ಪುಂಡಿ ಹೆಚ್ಚು,
ಮುಳ್ಳು ಕಡಿಮೆಯ ತುಂಡು ಹುಡುಕಿ ಹಾಕುತ್ತಿದ್ದೆ.
ಮನೆ ಯಾವುದು? ಕೇಳಿದರೆ ಅವರು ಹೇಳುವುದಿಲ್ಲ,
ಗುಟ್ಟಂತೆ.

ಅಟ್ಟದಿಂದ ಇಳಿಸಿದೆ ಅತ್ತೆಯ ಹದಿನೇಳು ಕ್ಯಾರಿಯರು.
ತಳದಲ್ಲಿ ಚುಕ್ಕಿ ಚುಕ್ಕಿ ಕೊರೆದ 'ವಾರಿಜ, ಬೋಳಾರ'.
ಹುಣಸೆ ಹಾಕಿ ತಿಕ್ಕಿದಾಗ
ಅವರ ಹೆಸರೇ ಮೊದಲು ಹೊಳೆದದ್ದು.
ಗೋಡೆಯ ಮೇಲೆ ನನ್ನ ಫೋನ್ ನಂಬರು
ಪ್ರಫುಲ್ಲ ಬರೆದಳು, ಏಳು ಸ್ವಲ್ಪ ಸೊಟ್ಟ.

ಹತ್ತಿರದ್ದಕ್ಕೆ ಪುತ್ತುಮೋನು,
ರಿಕ್ಷಾ ಪಾರ್ಕಿನಲ್ಲಿ ಬಾಡಿಗೆ ಇಲ್ಲದ ಹೊತ್ತು.
ಇಪ್ಪತ್ತು ರೂಪಾಯಿ, ಸಾರು ಚೆಲ್ಲದಿದ್ದರೆ ಒಂದು ಚಾ.
ದೂರದ್ದಕ್ಕೆ ಮಂಗಳಾದೇವಿಯಿಂದ ಬರುವ ಬಸ್ಸು.
ಕಂಡಕ್ಟರ್ ಹೆರಾಲ್ಡ್ ಬಾನೆಟ್ಟಿನ ಬಿಸಿಗೆ ಒತ್ತಿ ಇಡುತ್ತಾನೆ,
ಜ್ಯೋತಿಯಲ್ಲಿ ನೈಟ್ ಡ್ಯೂಟಿಯ ನರ್ಸಮ್ಮ
ಮೆಟ್ಟಿಲ ಹತ್ತಿರ ಕೈ ಚಾಚಿ ನಿಂತಿರುತ್ತಾರೆ.
"ರೈಟ್, ಪೋಯಿ!"
ಬಸ್ಸಿನ ನಂಬರೂ ಇಪ್ಪತ್ತೇಳೇ ಮಾರಾಯ್ರೆ,
ನೋಡಿ ಒಬ್ಬಳೇ ನಕ್ಕೆ.

ಸುಳ್ಳು ಎಂತಕ್ಕೆ, ಊಟ ಅರ್ಧಕ್ಕೆ ಇಳಿದಿದೆ.
ಮಳೆ ಜೋರಾದರೆ ಪುತ್ತುಮೋನು ಕಾಣುವುದಿಲ್ಲ.
ಎರಡು ಕ್ಯಾರಿಯರು ಇನ್ನೂ ವಾಪಸಾಗಿಲ್ಲ.
ಮೂರನೆಯದು ಬಂತು,
ಮೇಲಿನ ತಟ್ಟೆ ತುಂಬ ಯಾರದೋ ಹಿತ್ತಿಲ ಬಿಂಬುಳಿ.
ಅಂದಿನ ಗಸಿಗೆ ಹುಣಸೆ ಹಾಕಲಿಲ್ಲ.

ಆದಿತ್ಯವಾರ ನಾನೇ ನಡೆದು ಕೊಡುವುದುಂಟು.
ಯಾವ ಬಾಗಿಲಾದರೂ ಸರಿ,
ಬೆಲ್ಲಿನವರೆಗೆ ಹೋದ ಬೆರಳು ಹಿಂದೆ ಬರುತ್ತದೆ.
ಆ ಮಗು ಈಗ ಓಡಾಡುತ್ತಿರಬೇಕು,
ಆದರೂ.
ಮೆಲ್ಲ ಕೆಮ್ಮುತ್ತೇನೆ,
ಕ್ಯಾರಿಯರಿನ ಹಿಡಿ ಒಮ್ಮೆ ಅಲ್ಲಾಡಿಸುತ್ತೇನೆ.
ಒಳಗಿಂದ ಯಾರೋ
ಚಪ್ಪಲಿ ಹುಡುಕುವ ಸದ್ದು.