ಬುತ್ತಿಯಿಲ್ಲದ ಬೀಜ

ಕಾಯಿ ಬಿರಿಯುವ ಮುಂಚೆ ತರಬೇಕು.
ಬಿರಿದ ಮೇಲೆ ಅದು ನಮ್ಮದಲ್ಲ, ಗಾಳಿಯದು.
ಬೊಳಕ ಹತ್ತಿದ. ಮತ್ತಿಮರ, ಅರವತ್ತು ಅಡಿ.
ಸೊಂಟದಲ್ಲಿ ಕತ್ತಿ ಇಲ್ಲ ಈ ಸಲ,
ಕಿಸೆಯಲ್ಲಿ ಕಾಗದದ ಲಕೋಟೆ.

ಇಪ್ಪತ್ತೆರಡು ವರ್ಷ ಇದೇ ತೋಟದಲ್ಲಿ
ಮರಗಸಿ ಮಾಡಿದವನು.
ಕಾಫಿಗೆ ಬಿಸಿಲು ಬೇಕೆಂದರೆ ಕೊಂಬೆ ಇಳಿಯುವುದು,
ಕೊಂಬೆಯ ಜೊತೆ ಮರಬಾಳೆ ಇಳಿಯುವುದು,
ಒಲೆಗೆ ಹೋಗುವುದು.
"ಹಸಿ ಇರ್ತಿದ್ದವು. ಹೊಗೆ ಜಾಸ್ತಿ."
ಲಕೋಟೆ ಕೊಡುತ್ತ ಅಷ್ಟೇ ಅಂದ.

ಗೋಣಿಕೊಪ್ಪದ ಹಳೆ ಕಾಫಿ ಗೋದಾಮಿನ ಹಿಂದಿನ ಕೋಣೆ.
ಅಲ್ಲಿ ನಾನು, ಒಂದು ದೊಡ್ಡ ಕುಕ್ಕರ್, ಸ್ಪಿರಿಟ್ ದೀಪ,
ಮುನ್ನೂರು ಜಾಮ್ ಬಾಟಲಿ.
ಕಾಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಉರಿಯಲ್ಲಿ ಹಾಯಿಸಿ,
ಬ್ಲೇಡಿನಿಂದ ಸೀಳಿದರೆ
ಒಳಗೆ ಬರೀ ಪುಡಿ.
ಒಂದು ಸೀನಿಗೆ ಒಂದು ಊರೇ ಹಾರಿಹೋದೀತು.

ಹಲಸಿನ ಬೀಜಕ್ಕೆ ಮೈತುಂಬ ಹಿಟ್ಟುಂಟು.
ಇದು ಬುತ್ತಿ ಕಟ್ಟದೆ ಹೊರಟದ್ದು.
ಕಾಡಿನಲ್ಲಿ, ಯಾವುದೋ ತೊಗಟೆಯ ಬಿರುಕಿನಲ್ಲಿ
ಯಾವುದೋ ಬೂಷ್ಟು ತುತ್ತಿಟ್ಟರೆ ಉಂಟು,
ಇಲ್ಲದಿದ್ದರೆ ಇಲ್ಲ.

ನಾನು ಆ ಬೂಷ್ಟಿನ ಬದಲಿಗೆ ಬಂದವಳು.
ಅಗರ್, ಸಕ್ಕರೆ, ಎಳನೀರು,
ಸಂತೆಯಿಂದ ತಂದು ಹಿಸುಕಿದ ನೇಂದ್ರ.
ಮರಬಾಳೆಗೆ ಬಾಳೆಹಣ್ಣಿನ ಊಟ!
ಈ ಮಾತಿಗೆ ನಾನೊಬ್ಬಳೇ ನಕ್ಕೆ.

ಐವತ್ತನೆಯ ದಿನಕ್ಕೆ ಹಸಿರು ಚುಕ್ಕಿ.
ಸಾಸಿವೆಯಲ್ಲ, ಸಾಸಿವೆಯ ಮರಿ.
ಕಕ್ಕಡದಲ್ಲಿ ಆರು ದಿನ ಕರೆಂಟಿಲ್ಲ.
ಮುಚ್ಚಳದ ಸಂದಿನಿಂದ ಬೂಷ್ಟು ಬಂತು,
ಬಿಳಿ, ಆಮೇಲೆ ಬೂದು, ಆಮೇಲೆ ಕಪ್ಪು.
ಉಣಿಸುವುದೂ ಅದೇ ಕುಲ, ನುಂಗುವುದೂ ಅದೇ ಕುಲ.
ಬಾಟಲಿ ಸಮೇತ ಕುದಿಸಿ ಗುಂಡಿಗೆ ಚೆಲ್ಲಿದೆ.
ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು:
ಹಾಳಾದದ್ದು, ನೂರಾ ಎಂಬತ್ತು.

ಮೂರನೆಯ ವರ್ಷ ಉಳಿದವನ್ನು ಹೊರತೆಗೆದು
ಬೇರಿಗಂಟಿದ ಅಗರನ್ನು ಉಗುರುಬೆಚ್ಚನೆ ನೀರಲ್ಲಿ ತೊಳೆದೆ.
ಅದೇ ಮತ್ತಿಮರ. ಬಾಳೆನಾರಿನ ಕಟ್ಟು.
ಕೆಳಗೆ ನಿಂತು ಕೂಗಿದೆ: ಕೈ ತೊಳೆದಿದ್ದೀಯಾ?
ಮೇಲಿಂದ ಉತ್ತರವಿಲ್ಲ.

ಅವನು ಅಲ್ಲಿದ್ದ ಮುದಿ ಮರಬಾಳೆಯ ಬುಡದಿಂದ
ಕೊಳೆತ ತೊಗಟೆ, ಪಾಚಿ, ಇರುವೆಯ ಮಣ್ಣು ಕೆರೆದು
ಬೆವರಿನ ಅಂಗೈಯಲ್ಲಿ ತಿಕ್ಕಿ
ಒಂದೊಂದರ ಬೇರಿಗೂ ಹಚ್ಚುತ್ತಿದ್ದ.
ಮೂರು ವರ್ಷ ಏನು ಒಳಗೆ ಬರಬಾರದೆಂದು
ಬಾಗಿಲು ಹಾಕಿಕೊಂಡು ಕೂತಿದ್ದೆನೋ
ಅದನ್ನೇ.

"ಊರಿನ ರುಚಿ ಹತ್ತಬೇಡವಾ ಅವಕ್ಕೆ?"
ಬೈಯಲು ತೆರೆದ ಬಾಯಿ ಹಾಗೇ ಉಳಿಯಿತು.

ನಲವತ್ತು ಕಟ್ಟಿದ್ದೆವು.
ಇವತ್ತು ದುರ್ಬೀನಿನಲ್ಲಿ ಎಣಿಸಿದರೆ ಹದಿಮೂರು.
ಎಲೆ ಮರೆಯಲ್ಲಿ ಇನ್ನೊಂದು ಇದ್ದರೂ ಇದ್ದೀತು.
ಹೂವಿಗೆ ಇನ್ನೂ ಮೂರೋ ನಾಲ್ಕೋ ವರ್ಷ.

ಮರಗಸಿಗೆ ಹೊಸ ಹುಡುಗರು ಬಂದಿದ್ದಾರೆ.
ಯಾವ ಕೊಂಬೆ ಮುಟ್ಟಬಾರದೆಂದು
ಬೊಳಕ ಬೆರಳು ಮಾಡಿ ತೋರಿಸುತ್ತಿದ್ದಾನೆ.
ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಾರೆ ಅವರು.
ಅಲ್ಲಿ ಅವರಿಗೆ ಏನೂ ಕಾಣುತ್ತಿಲ್ಲ.