ಕೆಳಗಿನ ಸಾಲು

ಬಿತ್ತನೆ ಗಡ್ಡೆಯ ಲಾರಿಗಳು ಬರಲು ಇನ್ನೂ ವಾರವಿದೆ ಎಂದು
ಹಾಸನದ ಮಂಡಿಯವರು ಏಳನೇ ಗೋದಾಮಿನ ಬೀಗ ಕೊಟ್ಟರು.
ಮಧ್ಯ ಏಷ್ಯಾ ಬಂತು, ಮೂರು ದಿನಕ್ಕೆ,
ಅಂಗೈಯಗಲದ ಒಂದು ಡಬ್ಬಿಯಲ್ಲಿ,
ಚನ್ನರಾಯಪಟ್ಟಣದ ಬಸ್ಸಿನ ಕಂಡಕ್ಟರ್ ಕೈಗೆ ಸಿಕ್ಕ ಪಾರ್ಸಲ್ಲಾಗಿ.

ಪೆನ್ಷನ್ ಮೊಹಲ್ಲಾದ ದಸ್ತಗೀರ್ ಟೈಲರ್
ನಾಲ್ಕು ಪಂಚೆ ಜೋಡಿಸಿ ಪರದೆ ಹೊಲಿದುಕೊಟ್ಟಿದ್ದರು.
ನಡುವಿನ ಹೊಲಿಗೆ ಎಲ್ಲರ ಮೇಲೂ ಹಾಯುತ್ತಿತ್ತು:
ಕುದುರೆಯ ಹೊಟ್ಟೆ, ಮದುಮಗಳ ಮೂಗು,
ಯಾರೂ ದಾಟದ ಗಡಿಯೊಂದರ ಮುಳ್ಳುತಂತಿ.
ಗೋದಾಮಿನ ತುಂಬ ಹಳೆ ಮಣ್ಣಿನ, ಮೊಳಕೆಯ ವಾಸನೆ.

ನನ್ನ ಕೆಲಸ ಕೆಳಗಿನ ಸಾಲು ಓದುವುದು.
ಅಲ್ಲಿ ಇಂಗ್ಲಿಷ್, ನನ್ನ ಮೈಕಿನಲ್ಲಿ ಕನ್ನಡ.
ಇಪ್ಪತ್ತೊಂದು ವರ್ಷ ಜಿಲ್ಲಾ ಕೋರ್ಟಿನಲ್ಲಿ
ಇದನ್ನೇ ತಿರುಗುಮುರುಗಾಗಿ ಮಾಡಿದವಳು ನಾನು.
ಕೂಡಿಸಬಾರದು, ಕಳೆಯಬಾರದು, ದನಿ ಏರಿಸಬಾರದು.
"ನಿಮಗಿಂತ ನಂಬಿಕಸ್ಥರು ಯಾರು ಸಿಗ್ತಾರೆ ವಾರಿಜಮ್ಮ"
ಅಂದಿದ್ದರು ಸಂಘದ ಕಾರ್ಯದರ್ಶಿ ಧರಣೇಂದ್ರಯ್ಯ.

ಮೊದಲ ದಿನ ಹನ್ನೊಂದು ಜನ. ಅದರಲ್ಲಿ ಇಬ್ಬರು ಟೀಗೆ.
ಎರಡನೇ ದಿನ ಹಮಾಲಿಗಳು ಬಂದರು ಎನ್ನಬಾರದು,
ಅವರು ಮಲಗುವ ಜಾಗಕ್ಕೇ ನಾವು ಹೋಗಿದ್ದೆವು.
ಕಡಲೊಂದು ಒಣಗಿದ ಕಥೆ.
ಮರಳಲ್ಲಿ ನಿಂತ ದೋಣಿಗೆ ಒಂಟೆ ಬೆನ್ನು ಉಜ್ಜುತ್ತದೆ.
"ಡ್ಯಾಮು ಇಳಿದಾಗ ಶೆಟ್ಟಿಹಳ್ಳಿ ಚರ್ಚು ಕಂಡಂಗೆ ಐತೆ ನೋಡ್ಲಾ"
ಎಂದಿತು ಒಂದು ಚೀಲದ ಮೇಲಿನ ತಲೆ.
ಆಮೇಲೆ ಅಣ್ಣತಮ್ಮಂದಿರು ಕುರಿಯ ಬಾಲಕ್ಕೆ ಜಗಳವಾಡಿದರು.
ನಾನು ಓದುವ ಮೊದಲೇ ಎಲ್ಲ ನಕ್ಕರು.
ಓದಿದೆ, ಆದರೂ. ಯಾರೂ ನಗಲಿಲ್ಲ.

ಮೂರನೇ ರಾತ್ರಿ, ಕಿರ್ಗಿಜ್ ಬೆಟ್ಟ.
ಮುದುಕಿ ಉಣ್ಣೆಯ ಗುಡಾರದ ಮುಂದೆ ಕೂತು
ಬಟ್ಟಲು ಬೋರಲು ಹಾಕಿ
ಹಾಡತೊಡಗಿದಳು. ಕೆಳಗೆ ಏನೂ ಇಲ್ಲ.
ಕಾದೆ. ಕನ್ನಡಕ ಒರೆಸಿದೆ. ಇಲ್ಲ.

"ಏನಂತಾವ್ಳೆ ಮೇಡಂ?"

"ಬರೆದಿಲ್ಲ"
ಅಂದೆ ಮೈಕಿನಲ್ಲಿ, ಕೋರ್ಟಿನ ದನಿಯಲ್ಲಿ.

"ಬರ್ದಿಲ್ಲ ಅಂದ್ರೆ ಯೋಳಿಲ್ಲ ಅಂತಾಯ್ತದ?"
ಗಡ್ಡೆ ಆರಿಸುವ ದ್ಯಾವೀರಮ್ಮ.

ಕುದುರೆ ಕರೀತಾವ್ಳೆ ಅಂದ ಒಬ್ಬ.
ಇಲ್ಲ ಕಣ, ಸೊಸೇನ ಬೈತಾವ್ಳೆ, ರಾಗ ಹಚ್ಚಿ.
ಉಣ್ಣೆ ರೇಟು ಬಿದ್ದೋಗೈತೆ, ಅದ್ಕೆ, ಅಂದ ದಲ್ಲಾಳಿ.
"ಸುಮ್ಕಿರ್ರಲಾ, ಕೇಳಕ್ ಬುಡ್ರಿ."

ಹಿಂದೊಮ್ಮೆ, ದುದ್ದದ ಕಡೆಯ ಒಂದು ಪಾಲಿನ ದಾವೆ.
ಎಲ್ಲೆ ಎಲ್ಲಿ ಎಂದು ವಕೀಲರು ಕೇಳಿದರು.
ಕಟಕಟೆಯ ಮುದುಕಿ ಕಣ್ಣು ಮುಚ್ಚಿ
ಅತ್ತೆ ಕಟ್ಟಿದ ಬೀಸುವ ಪದ ಎತ್ತಿದಳು,
ಬೇವು, ಬೇವಿನಾಚೆ ಕಲ್ಲು, ಕಲ್ಲಿನಾಚೆ ಮಾದನ ಬಾವಿ.
ಎಲ್ಲೆಯೇ ಅದು. ಇಡೀ ಎಲ್ಲೆ.
ನಾನು ಟೈಪು ಮಾಡಿದೆ: ಸಾಕ್ಷಿ ಉತ್ತರ ಕೊಡಲಿಲ್ಲ.
ಮುಂದೆ ಏನಾಯಿತೋ ನೋಡಲಿಲ್ಲ.
ನೋಡಿದ್ದೆ. ಹೇಳುವುದಿಲ್ಲ.

ಮೈಕಿನ ಗುಂಡಿ ಒತ್ತಿದೆ. ಕೆಂಪು ದೀಪ ಆರಿತು.
ದಸ್ತಗೀರರ ಹೊಲಿಗೆ ಮುದುಕಿಯ ಗಂಟಲಿನ ಮೇಲೆ
ಏರುತ್ತ, ಇಳಿಯುತ್ತ.

ವರದಿಯ ನಮೂನೆಯಲ್ಲಿ ಒಂದು ಕಾಲಂ ಇತ್ತು,
ಭಾಷಾಂತರ ಸಂಪೂರ್ಣವೇ?
ನಾಲ್ಕು ನಿಮಿಷ ಬಿಟ್ಟು, ಎಂದು ಬರೆದು ಸಹಿ ಹಾಕಿದೆ.
ಧರಣೇಂದ್ರಯ್ಯನವರು ಅದನ್ನು ಹೊಡೆದು ಹಾಕಿದರು,
ಪಾಪ, ಮುಂದಿನ ವರ್ಷದ ಅನುದಾನ.

ವಾರವಿದೆ ಎಂದಿದ್ದ ಲಾರಿ ಮಾರನೇ ಬೆಳಿಗ್ಗೆಯೇ ಬಂತು,
ಜಲಂಧರದಿಂದ, ಐದು ದಿನದ ಧೂಳು ಹೊತ್ತು.
ಪರದೆ ಇನ್ನೂ ಬಿಚ್ಚಿರಲಿಲ್ಲ.
ಡ್ರೈವರ್ ಪಂಜಾಬಿಯಲ್ಲಿ ಚೀಲ ಎಣಿಸಿದ,
ದ್ಯಾವೀರಮ್ಮ ಕನ್ನಡದಲ್ಲಿ ಜಗಳ ತೆಗೆದಳು,
ಒಂದು ಚೀಲ ಕಮ್ಮಿ, ಇಲ್ಲ ಸರಿಯಿದೆ,
ಇದು ಕೊಳೆತದ್ದು, ಮೂಸಿ ನೋಡು ಬೇಕಾದ್ರೆ.
ಅವನು ಮೂಸಿದ. ಒಪ್ಪಿದ.
ನಾನು ಬಾಗಿಲಲ್ಲೇ ಇದ್ದೆ, ಮೈಕಿನ ವೈರು ಸುತ್ತಿಕೊಳ್ಳುತ್ತ.
ಯಾರೂ ಕರೆಯಲಿಲ್ಲ.